ಆಟಿಯಲ್ಲಿ ಅಟ್ಟದಿಂದಿಳಿಯುವ ಗಣಿತ

ಸರದಿಯಂತೆ ನಡೆ, ಎದುರಾಳಿಯ ಸೊತ್ತಿನ ಕೊಳ್ಳೆ, ಹಿಂದೊಂದು ಅದ್ಭುತ ಕಥೆ. ಮಕ್ಕಳು ಮೊಬೈಲಿನಲ್ಲಿ ಆಡುವ ಯುದ್ಧತಂತ್ರದ ಆಟಗಳ ಈ ಮೂರೂ ಸರಕು ಮಂಗಳೂರಿನ ಹಳೇ ಮನೆಗಳ ಅಟ್ಟದಲ್ಲಿ ಮೊದಲೇ ಇತ್ತು. ಜುಲೈ ಮಧ್ಯಕ್ಕೆ ತುಳುವರ ಆಟಿ ತಿಂಗಳು ಹಿಡಿದು, ಮಳೆಗೆ ಅಂಗಳಕ್ಕಿಳಿಯಲಾಗದೆ ಹೋದಾಗ ಚೆನ್ನೆಮಣೆ ಎಂಬ ಗುಳಿಯಾಟದ ಹಲಗೆ ಕೆಳಗಿಳಿಯುತ್ತಿತ್ತು. ಈಗ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಆಚರಣೆಯಂದು ಅದನ್ನು ಪತ್ರೊಡೆಯ ಪಕ್ಕದಲ್ಲಿ ಇಟ್ಟಿರುತ್ತಾರೆ. ಫೋಟೊ ತೆಗೆಯುವವರೇ ಹೆಚ್ಚು.

ಕಥೆಯಂತೂ ಭೀಕರ. ತುಳು ಜನಪದ ಕಥನಗೀತೆ ಸಿರಿ ಪಾಡ್ದನದ ಅವಳಿಗಳು ಅಬ್ಬಗ, ದಾರಗ ಚೆನ್ನೆಯಾಡುತ್ತಲೇ ಜಗಳಕ್ಕಿಳಿಯುತ್ತಾರೆ. ಒಬ್ಬಳು ಮಣೆಯ ಪೆಟ್ಟಿಗೆ ಸಾಯುತ್ತಾಳೆ, ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದೆಂಬ ಮಾತು ಅದರಿಂದಲೇ ಬಂದಿರಬೇಕು.

ಮಣೆಯಲ್ಲಿ ಇಬ್ಬರಿಗೂ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ನಿಯಮ ಮನೆಯಿಂದ ಮನೆಗೆ ಬೇರೆ, ಸರಳವಾದದ್ದು ಹೀಗೆ. ಒಂದು ಗುಳಿಯನ್ನು ಬರಿದು ಮಾಡಿ, ಬಲಕ್ಕೆ ಒಂದೊಂದೇ ಕಾಯಿ ಬಿಡುತ್ತಾ ಹೋಗಿ. ಕೈ ಬರಿದಾದಾಗ ಮುಂದಿನ ಗುಳಿಯದ್ದನ್ನು ಎತ್ತಿಕೊಂಡು ಮತ್ತೆ ಮುಂದುವರಿಯಿರಿ. ಆ ಗುಳಿ ಖಾಲಿಯಿದ್ದರೆ, ಅದರಾಚೆಯದ್ದು ನಿಮ್ಮದು, ಸರದಿ ಮುಗಿಯಿತು.

ನಿಮ್ಮ ಎಡತುದಿಯಿಂದ ಶುರು ಮಾಡಿ ನೋಡಿ. ಕೈಗೆ ಬರುವುದು ಕ್ರಮವಾಗಿ 4, 4, 4, 5, 5, 5, ಕೊನೆಗೆ 1. ಒಟ್ಟು 28 ಕಾಯಿ ಬಿಟ್ಟಾಗ ನಿಮ್ಮ ಏಳನೆಯ ಗುಳಿಯಲ್ಲಿ ಕೈ ಬರಿದಾಗುತ್ತದೆ, ಎಂಟನೆಯದು, ಅಂದರೆ ಎದುರಾಳಿಯ ಮೊದಲನೆಯದು, ಖಾಲಿ, ಒಂಬತ್ತನೆಯದರಲ್ಲಿನ ಆರು ಕಾಯಿ ನಿಮಗೆ. ಬೇರೆ ಯಾವ ಗುಳಿಯಿಂದ ಶುರು ಮಾಡಿದರೂ ಅಷ್ಟೇ, ಆರು. ಎಲ್ಲ ಗುಳಿಯಲ್ಲೂ ನಾಲ್ಕೇ ಇರುವಾಗ ಮಣೆಯೊಂದು ಉರುಟು ಬಳೆ. ಬಳೆಗೆ ಮೊದಲು ಯಾವುದು, ಕೊನೆ ಯಾವುದು? ಗಣಿತದಲ್ಲಿ ಇದಕ್ಕೆ ಸಮಮಿತಿ ಎನ್ನುತ್ತಾರೆ. ಮೊದಲ ಸರದಿಗೇ ಅದು ಮುರಿಯುತ್ತದೆ. ಈಗ ಎದುರಾಳಿಯ ನಡುಗುಳಿಯಲ್ಲಿ ಒಂದೇ ಕಾಯಿ, ಆರನೆಯದರಲ್ಲಿ ಆರು. ಈ ಎರಡರಲ್ಲಿ ಯಾವುದನ್ನು ಎತ್ತಿದರೂ ಅವರಿಗೆ ನಿಮ್ಮ ಏಳನೆಯ ಗುಳಿಯ ಏಳು ಕಾಯಿ ಸಿಗುತ್ತದೆ! ಕೈಯಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲಿ ಮುಗಿಯುತ್ತದೆ ಎನ್ನುವುದೇ ಇಲ್ಲಿ ಲೆಕ್ಕ.

56 ಕಾಯಿಗಳನ್ನು 14 ಗುಳಿಗಳಲ್ಲಿ 38 ಲಕ್ಷ ಕೋಟಿಗೂ ಹೆಚ್ಚು ಬಗೆಯಲ್ಲಿ ಹಂಚಬಹುದು. ಚೆನ್ನೆಯ ಆಫ್ರಿಕನ್ ನೆಂಟ ಅವಾರಿಗೆ 12 ಗುಳಿ, 48 ಕಾಯಿ. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಂಪ್ಯೂಟರ್ ವಿಜ್ಞಾನಿಗಳಾದ ಜಾನ್ ರೋಮೈನ್ ಮತ್ತು ಹೆನ್ರಿ ಬಾಲ್ 144 ಪ್ರೊಸೆಸರುಗಳನ್ನು 51 ಗಂಟೆ ದುಡಿಸಿ, ಅದರ ಸುಮಾರು 89 ಸಾವಿರ ಕೋಟಿ ಸ್ಥಿತಿಗಳನ್ನೂ ಲೆಕ್ಕಹಾಕಿದರು. ಇಬ್ಬರೂ ತಪ್ಪದೆ ಆಡಿದರೆ ಆಟ ಸಮಸಮ.

ಆದರೆ ಅವಾರಿಯಲ್ಲಿ ಕೈ ಬರಿದಾದರೆ ಕಾಯಿ ಬಿಡುವುದು ನಿಂತಿತು. ಚೆನ್ನೆಯಲ್ಲಿ ಮುಂದಿನ ಗುಳಿ ಮತ್ತೆ ಕೈಹಿಡಿದು ಎಳೆಯುತ್ತದೆ. ಚದುರಂಗದವನಿಗೆ ತನ್ನ ಕುದುರೆ ಎಲ್ಲಿ ನಿಲ್ಲುತ್ತದೆಂದು ಗೊತ್ತು, ಇಲ್ಲಿ ಸ್ವಂತ ನಡೆಯ ಕೊನೆಯೇ ಒಂದು ಒಗಟು. ನಾನು ಕಾಯಿ ಮುಟ್ಟಿ ಎಣಿಸಹೊರಟರೆ ಅಜ್ಜಿ ಕೈಗೆ ತಟ್ಟುತ್ತಿದ್ದರು: “ಕಣ್ಣಲ್ಲಿ ಎಣಿಸು ಮಾರಾಯ, ಮುಟ್ಟಿದರೆ ಆಡಿದ ಹಾಗೆ.”