ಲಾರ್ನಕಾ: ಉಮ್ಮು ಹರಾಮ್(ರ) ಬಂದಿಳಿದ ದ್ವೀಪ

ಉಮ್ಮು ಹರಾಮ್(ರ) ಅವರ ಸಮುದ್ರಯಾನದ ಘಟನೆಯನ್ನು ನೀವು ಹದೀಸ್ ಗ್ರಂಥಗಳಲ್ಲಿ ಓದಿರಬಹುದು ಅಥವಾ ಯಾವುದಾದರೂ ಪ್ರವಚನದಲ್ಲಿ ಕೇಳಿರಬಹುದು. ಆದರೆ ಆ ಮಹಿಳೆ ಹಡಗಿನಿಂದ ಇಳಿದ ದ್ವೀಪ ಎಲ್ಲಿದೆ, ಇಂದು ಅಲ್ಲಿ ಏನಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಅರಬಿಯಲ್ಲಿ ಖುಬ್ರುಸ್ ಎನ್ನಲಾಗುವ ಆ ದ್ವೀಪವೇ ಮೆಡಿಟರೇನಿಯನ್ ಸಮುದ್ರದ ಪೂರ್ವ ಮೂಲೆಯಲ್ಲಿರುವ ಸೈಪ್ರಸ್. ಅದರ ಆಗ್ನೇಯ ಕರಾವಳಿಯಲ್ಲಿ ಲಾರ್ನಕಾ ಎಂಬ ಬಂದರು ಪಟ್ಟಣವಿದೆ. ಬನ್ನಿ, ಒಮ್ಮೆ ಆ ಪಟ್ಟಣವನ್ನೂ ಅದರ ಸುತ್ತಲಿನ ಕರಾವಳಿಯನ್ನೂ ಸುತ್ತಿ ಬರೋಣ.

ಸೈಪ್ರಸ್‌ಗೆ ಹೋಗುವ ಹೆಚ್ಚಿನವರು ಇಳಿಯುವುದು ಲಾರ್ನಕಾ ವಿಮಾನ ನಿಲ್ದಾಣದಲ್ಲೇ. ಮೊದಲು ಹಾಗಿರಲಿಲ್ಲ. 1974ರಲ್ಲಿ ದ್ವೀಪ ಇಬ್ಭಾಗವಾದಾಗ ರಾಜಧಾನಿ ನಿಕೋಸಿಯಾದ ವಿಮಾನ ನಿಲ್ದಾಣ ಎರಡೂ ಸೇನೆಗಳ ನಡುವಿನ ಪಟ್ಟಿಯಲ್ಲಿ ಸಿಕ್ಕಿಕೊಂಡು ಮುಚ್ಚಿ ಹೋಯಿತು. ಆಗ ತರಾತುರಿಯಲ್ಲಿ ಲಾರ್ನಕಾದಲ್ಲಿ ನಿಲ್ದಾಣ ಸಿದ್ಧಪಡಿಸಿ 1975ರಲ್ಲಿ ತೆರೆದರು. ಅದರ ಪಕ್ಕದಲ್ಲೇ ಒಂದು ದೊಡ್ಡ ಉಪ್ಪಿನ ಸರೋವರವಿದೆ. ಸರೋವರದ ಅಂಚಿಗೆ ಖರ್ಜೂರದ ಮರಗಳ ಗುಂಪು, ಅದರ ನಡುವೆ ಒಂದು ಗುಮ್ಮಟ ಮತ್ತು ಒಂದೇ ಒಂದು ಮಿನಾರ. ಅದು ಹಾಲಾ ಸುಲ್ತಾನ್ ತೆಕ್ಕೆ. ಇದು ನಮ್ಮ ಕನ್ನಡದ ತೆಕ್ಕೆಯಲ್ಲ. ತುರ್ಕಿಯಲ್ಲಿ ಸೂಫಿಗಳ ತಂಗುದಾಣಕ್ಕೆ ಹಾಗೆನ್ನುತ್ತಾರೆ. ಉಮ್ಮು ಹರಾಮ್(ರ) ಅವರ ಸಮಾಧಿ ಇರುವುದು ಅಲ್ಲಿ.

ಉರ್ದು ಮಾತಾಡುವ ಮನೆಗಳಲ್ಲಿ ತಾಯಿಯ ಸಹೋದರಿಯನ್ನು ಖಾಲಾ ಎಂದು ಕರೆಯುತ್ತೇವಲ್ಲ, ಈ 'ಹಾಲಾ' ಕೂಡ ಅದೇ ನೆಂಟಸ್ತಿಕೆಯ ನೆನಪು. ಉಮ್ಮು ಹರಾಮ್(ರ) ಪ್ರಸಿದ್ಧ ಸಹಾಬಿ ಅನಸ್ ಬಿನ್ ಮಾಲಿಕ್(ರ) ಅವರ ತಾಯಿಯ ಸಹೋದರಿ, ಉಬಾದಾ ಬಿನ್ ಸಾಮಿತ್(ರ) ಅವರ ಪತ್ನಿ. ಅವರು ಪ್ರವಾದಿ(ಸ)ರಿಗೂ ಹಾಲುಸಂಬಂಧದಿಂದ ಚಿಕ್ಕಮ್ಮನಾಗಬೇಕು ಎಂದು ಕೆಲವು ವಿದ್ವಾಂಸರು ಹೇಳಿದ್ದಾರೆ. ಒಮ್ಮೆ ಪ್ರವಾದಿ(ಸ) ಅವರ ಮನೆಗೆ ಬಂದು ಊಟ ಮಾಡಿ, ಸ್ವಲ್ಪ ಹೊತ್ತು ನಿದ್ರಿಸಿ, ನಗುತ್ತಾ ಎಚ್ಚೆತ್ತರು. ನಗುವಿಗೆ ಕಾರಣ ಕೇಳಿದಾಗ, ತಮ್ಮ ಸಮುದಾಯದ ಒಂದು ತಂಡ ಸಿಂಹಾಸನದಲ್ಲಿ ಕುಳಿತ ರಾಜರಂತೆ ಸಮುದ್ರದ ಮೇಲೆ ಸಾಗುವುದನ್ನು ಕಂಡೆನೆಂದರು. ಆ ತಂಡದಲ್ಲಿ ತಾನೂ ಇರುವಂತೆ ದುಆ ಮಾಡಿ ಎಂದು ಉಮ್ಮು ಹರಾಮ್(ರ) ಕೇಳಿಕೊಂಡರು. ಪ್ರವಾದಿ(ಸ) ದುಆ ಮಾಡಿದರು. ಮತ್ತೊಮ್ಮೆ ನಿದ್ರಿಸಿ ಮತ್ತೆ ನಗುತ್ತಾ ಎದ್ದು ಇನ್ನೊಂದು ತಂಡದ ಬಗ್ಗೆ ಹೇಳಿದಾಗ ಆಕೆ ಮತ್ತೆ ಅದನ್ನೇ ಕೇಳಿದರು. ನೀವು ಮೊದಲನೆಯ ತಂಡದವರು ಎಂಬ ಉತ್ತರ ಸಿಕ್ಕಿತು. ಇದು ಬುಖಾರಿಯಲ್ಲಿ ವರದಿಯಾಗಿದೆ. ಹೆಣ್ಣಿಗೇಕೆ ಸಮುದ್ರಯಾನ ಎಂದು ಪ್ರವಾದಿ(ಸ) ಅವರನ್ನು ತಡೆಯಲಿಲ್ಲ. ಎರಡು ಬಾರಿ ಕೇಳುವ ಸಲುಗೆಯೂ ಆಕೆಗಿತ್ತು. ನಮ್ಮ ಮನೆಗಳಲ್ಲಿ ಈ ಹದೀಸ್ ಓದುವಾಗ ಈ ಭಾಗವನ್ನು ಸ್ವಲ್ಪ ನಿಧಾನವಾಗಿಯೇ ಓದಬೇಕು.

ಆ ಪ್ರಯಾಣ ಕೈಗೂಡಲು ಬಹಳ ವರ್ಷಗಳೇ ಬೇಕಾದವು. ಖಲೀಫಾ ಉಮರ್(ರ) ಸಮುದ್ರ ದಾಟುವ ದಂಡಯಾತ್ರೆಗೆ ಒಪ್ಪಿಗೆ ಕೊಡಲಿಲ್ಲ. ನಂತರ ಖಲೀಫಾ ಉಸ್ಮಾನ್(ರ) ಸಿರಿಯಾದ ಗವರ್ನರ್ ಮುಆವಿಯಾ(ರ) ಅವರಿಗೆ ಅನುಮತಿ ಕೊಟ್ಟರು, ಅದೂ ಒಂದು ಷರತ್ತಿನೊಂದಿಗೆ. ಪತ್ನಿಯನ್ನು ಜೊತೆಗೆ ಕರೆದುಕೊಂಡು ಹೋಗುವುದಾದರೆ ಮಾತ್ರ ಹೋಗಬಹುದು! ಇತಿಹಾಸಕಾರ ಬಲಾಝುರಿ ಇದನ್ನು ದಾಖಲಿಸಿದ್ದಾರೆ. ಸ್ವಂತ ಕುಟುಂಬವನ್ನು ಹತ್ತಿಸಲು ಹಿಂಜರಿಯುವ ಹಡಗಿಗೆ ಬೇರೆಯವರ ಮಕ್ಕಳನ್ನು ಹತ್ತಿಸಬಾರದು ಎಂಬುದು ಆ ಷರತ್ತಿನ ಆಶಯವಾಗಿದ್ದಿರಬೇಕು. ಹೀಗೆ ಹಿಜರಿ 28ರ ಸುಮಾರಿಗೆ ಅಕ್ಕಾ ಬಂದರಿನಿಂದ ಹಡಗುಗಳು ಹೊರಟಾಗ ಮುಆವಿಯಾ(ರ) ಅವರೊಂದಿಗೆ ಅವರ ಪತ್ನಿ ಫಾಖಿತಾ, ಉಬಾದಾ(ರ) ಅವರೊಂದಿಗೆ ಉಮ್ಮು ಹರಾಮ್(ರ) ಇದ್ದರು. ಆಗ ಅವರು ಹರೆಯದವರಾಗಿರಲಿಲ್ಲ. ಪ್ರವಾದಿ(ಸ)ರು ಅಗಲಿಯೇ ಹದಿನಾರು ವರ್ಷ ಕಳೆದಿತ್ತು. ಸಮುದ್ರ ದಾಟಿ ಬಂದ ಅವರು ಸವಾರಿಯ ಪ್ರಾಣಿಯಿಂದ ಬಿದ್ದು ಮೃತಪಟ್ಟರು, ಅಲ್ಲೇ ದಫನಾದರು. ದ್ವೀಪದ ಜನರು ಆಗ ಕ್ರೈಸ್ತರು. ಅವರು ಅದನ್ನು ಸಜ್ಜನ ಮಹಿಳೆಯ ಸಮಾಧಿ ಎಂದು ಕರೆಯುತ್ತಿದ್ದರೆಂದು ಆರಂಭ ಕಾಲದ ಮುಸ್ಲಿಮ್ ಬರಹಗಾರರೇ ಬರೆದಿಟ್ಟಿದ್ದಾರೆ.

ಇಂದು ನೀವು ಅಲ್ಲಿ ಕಾಣುವ ಕಟ್ಟಡಗಳು ಅಷ್ಟು ಹಳೆಯವಲ್ಲ. ದ್ವೀಪ 1571ರಲ್ಲಿ ಉಸ್ಮಾನಿಯಾ ತುರ್ಕರ ಕೈಸೇರಿತು. ಸಮಾಧಿಯ ಮೇಲಿನ ಗುಮ್ಮಟ, ಮಸೀದಿ, ಯಾತ್ರಿಕರ ಕೊಠಡಿಗಳು 18 ಮತ್ತು 19ನೇ ಶತಮಾನಗಳಲ್ಲಿ ಎದ್ದವು. ಮಸೀದಿಯ ಹಿಂಬದಿಯ ಕೋಣೆಯಲ್ಲಿ ಸಮಾಧಿ ಇದೆ. ಎರಡು ಬೃಹತ್ ಕಲ್ಲುಗಳು ನೆಟ್ಟಗೆ ನಿಂತಿವೆ, ಮೂರನೆಯದು ಅವುಗಳ ಮೇಲೆ ಅಡ್ಡಲಾಗಿದೆ. ಈ ಕಲ್ಲು ಪವಿತ್ರ ಭೂಮಿಯಿಂದ ತಾನಾಗಿ ಹಾರಿ ಬಂತು, ಗಾಳಿಯಲ್ಲಿ ತೇಲುತ್ತಿತ್ತು ಎಂಬ ಕತೆಗಳನ್ನು ಹೇಳುವವರು ಸಿಗುತ್ತಾರೆ. ಕೇಳಿ, ಅಲ್ಲಿಗೇ ಬಿಡಿ. ಪ್ರವಾಸಿ ಪುಸ್ತಕಗಳಲ್ಲಿ ಇನ್ನೊಂದು ಮಾತು ಇರುತ್ತದೆ: ಇದು ಇಸ್ಲಾಮಿನ ಮೂರನೆಯ ಅಥವಾ ನಾಲ್ಕನೆಯ ಪವಿತ್ರ ಸ್ಥಳವಂತೆ. ಅಂತಹ ಶ್ರೇಣಿ ಇಸ್ಲಾಮಿನಲ್ಲಿ ಇಲ್ಲ. ಪುಣ್ಯದ ಉದ್ದೇಶದಿಂದ ಪ್ರಯಾಣ ಕೈಗೊಳ್ಳಲು ಹದೀಸ್ ಹೆಸರಿಸಿದ್ದು ಮಕ್ಕಾ, ಮದೀನಾ ಮತ್ತು ಮಸ್ಜಿದುಲ್ ಅಕ್ಸಾ ಈ ಮೂರನ್ನು ಮಾತ್ರ. ಇಲ್ಲಿ ಸಲಾಮ್ ಹೇಳಿ, ದುಆ ಮಾಡಿ, ಇತಿಹಾಸ ನೆನೆದು ಬಂದರೆ ಸಾಕು. ಮಕ್ಕಾದ ಶರೀಫ್ ಹುಸೈನ್ ಅವರ ತುರ್ಕಿ ಪತ್ನಿಯ ಸಮಾಧಿಯೂ ಇದೇ ಆವರಣದಲ್ಲಿದೆ. ಅಧಿಕಾರ ಕಳೆದುಕೊಂಡ ಶರೀಫರು ಸೈಪ್ರಸ್‌ನಲ್ಲಿ ದೇಶಭ್ರಷ್ಟರಾಗಿದ್ದಾಗ, 1929ರಲ್ಲಿ ಆಕೆ ತೀರಿಕೊಂಡರು.

ಈಗ ಆ ಆವರಣವನ್ನು ನೋಡಿಕೊಳ್ಳುವವರು ಯಾರು ಗೊತ್ತೇ? ಲಾರ್ನಕಾದಲ್ಲಿ ಮುಂಚೆ ಗ್ರೀಕ್ ಭಾಷೆಯ ಕ್ರೈಸ್ತರೂ ತುರ್ಕಿ ಭಾಷೆಯ ಮುಸ್ಲಿಮರೂ ಅಕ್ಕಪಕ್ಕ ಬದುಕುತ್ತಿದ್ದರು. 1960ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಬಂದ ಮೂರೇ ವರ್ಷದಲ್ಲಿ ಘರ್ಷಣೆ ಆರಂಭವಾಯಿತು. 1974ರ ಜುಲೈಯಲ್ಲಿ ಗ್ರೀಸ್‌ನ ಸೇನಾಡಳಿತದ ಬೆಂಬಲದಿಂದ ಕ್ಷಿಪ್ರಕ್ರಾಂತಿ ನಡೆಯಿತು. ಅದರ ಬೆನ್ನಿಗೇ ತುರ್ಕಿ ಸೇನೆ ಬಂದಿಳಿಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ಉತ್ತರದ ಮನೆಗಳನ್ನು ಬಿಟ್ಟು ದಕ್ಷಿಣಕ್ಕೆ ಓಡಿ ಬಂದರು. ಹತ್ತಾರು ಸಾವಿರ ತುರ್ಕಿ ಮುಸ್ಲಿಮರು ದಕ್ಷಿಣವನ್ನು ಬಿಟ್ಟು ಉತ್ತರಕ್ಕೆ ಹೋದರು. ಲಾರ್ನಕಾದ ಮುಸ್ಲಿಮರೂ ಹಾಗೆಯೇ ಹೋದರು. ಸಮಾಧಿ ಉಳಿಯಿತು, ಅದರ ಸುತ್ತ ಬೆಳೆದ ಸಮುದಾಯ ಉಳಿಯಲಿಲ್ಲ. ಅಲ್ಲಿಂದೀಚೆಗೆ ಅದರ ರಕ್ಷಣೆ ಗ್ರೀಕರ ಆಡಳಿತದ ಪ್ರಾಚ್ಯವಸ್ತು ಇಲಾಖೆಯ ಕೈಯಲ್ಲಿದೆ. ಎರಡೂ ಸಮುದಾಯಗಳನ್ನು ಹತ್ತಿರ ತರುವ ವಿಶ್ವಸಂಸ್ಥೆಯ ಯೋಜನೆಯೊಂದರ ನೆರವಿನಲ್ಲಿ 2000ದ ದಶಕದಲ್ಲಿ ಅದರ ದುರಸ್ತಿಯೂ ನಡೆಯಿತು. ಅತ್ತ ಉತ್ತರದಲ್ಲಿ ಗ್ರೀಕರಿಗೆ ಅಷ್ಟೇ ಪ್ರಿಯವಾದ ಅಪೊಸ್ತೊಲೋಸ್ ಆಂದ್ರೆಯಾಸ್ ಮಠ ತುರ್ಕರ ಪಾಲಿಗೆ ಹೋಗಿ ಶಿಥಿಲವಾಗಿತ್ತು. ಎರಡೂ ಸಮುದಾಯಗಳ ತಜ್ಞರು ಸೇರಿ 2014ರಿಂದ ಅದನ್ನೂ ದುರಸ್ತಿ ಮಾಡಿಸಿದರು. ಒಬ್ಬರ ಆರಾಧನಾ ಸ್ಥಳ ಇನ್ನೊಬ್ಬರ ಕೈಯಲ್ಲಿ! ದ್ವೀಪದ ರಾಜಕೀಯ ಒಪ್ಪಂದ ಇನ್ನೂ ಆಗಿಲ್ಲ. ಆದರೂ ಈ ಕೆಲಸ ನಿಲ್ಲಲಿಲ್ಲ.

ಸರೋವರದ ಬಗ್ಗೆ ಹೇಳುವುದು ಬಾಕಿ ಉಳಿಯಿತು. ಅದು ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಹಿಂದೆ ಅದು ಸಮುದ್ರದ ಕೊಲ್ಲಿಯೇ ಆಗಿತ್ತು. ತೆಕ್ಕೆಯ ಪಕ್ಕದಲ್ಲೇ ಮೂರು ಸಾವಿರ ವರ್ಷಗಳಿಗೂ ಹಳೆಯದಾದ ಬಂದರು ಪಟ್ಟಣದ ಅವಶೇಷಗಳನ್ನು ಸ್ವೀಡನ್ನಿನ ಸಂಶೋಧಕರು ಅಗೆದಿದ್ದಾರೆ. ಮಳೆಗಾಲ ಅಲ್ಲಿ ಚಳಿಗಾಲದಲ್ಲಿ ಬರುತ್ತದೆ. ಆಗ ಸರೋವರ ತುಂಬಿ, ನವೆಂಬರಿನಿಂದ ಮಾರ್ಚ್‌ವರೆಗೆ ಸಾವಿರಾರು ರಾಜಹಂಸಗಳು, ಅಂದರೆ ಫ್ಲೆಮಿಂಗೋಗಳು, ಬೀಡು ಬಿಡುತ್ತವೆ. ಉಪ್ಪು ನೀರಿನ ಪುಟ್ಟ ಸೀಗಡಿಗಳನ್ನು ತಿನ್ನುವುದರಿಂದಲೇ ಅವುಗಳ ಗರಿಗೆ ಗುಲಾಬಿ ಬಣ್ಣ. ಬೇಸಿಗೆಯಲ್ಲಿ ನೀರು ಆರಿ ಬಿಳಿ ಉಪ್ಪಿನ ಹಾಸು ಉಳಿಯುತ್ತದೆ. ಈ ಉಪ್ಪನ್ನು ಕೆರೆದು ಕತ್ತೆಗಳ ಮೇಲೆ ಹೇರಿ ಸಾಗಿಸುವ ಉದ್ಯಮ 1980ರ ದಶಕದವರೆಗೂ ನಡೆಯುತ್ತಿತ್ತು. ತುರ್ಕರು ಊರನ್ನೇ ತುಜ್ಲಾ, ಎಂದರೆ ಉಪ್ಪಿನ ಊರು, ಎಂದು ಕರೆಯುತ್ತಿದ್ದರು.

ಸರೋವರದಿಂದ ಊರಿನತ್ತ ಬರುವಾಗ ಕಮಾನುಗಳ ಉದ್ದ ಸಾಲೊಂದು ಕಾಣಿಸುತ್ತದೆ. ದಯವಿಟ್ಟು ವಾಹನ ನಿಲ್ಲಿಸಿ ನೋಡಿ. ಹದಿನೆಂಟನೇ ಶತಮಾನದಲ್ಲಿ ಲಾರ್ನಕಾದ ಹೆಂಗಸರು ನೀರಿಗಾಗಿ ಎಷ್ಟು ದೂರ ನಡೆಯುತ್ತಿದ್ದರೋ! ಆಗಿನ ಗವರ್ನರ್ ಅಬೂಬಕರ್ ಪಾಷಾ ಸುಮಾರು ಹತ್ತು ಕಿಲೋಮೀಟರ್ ದೂರದಿಂದ ಕಾಲುವೆಯಲ್ಲಿ ನೀರು ತರಿಸಿದರು; ತಗ್ಗು ಬಂದಲ್ಲಿ ಕಮಾನು ಕಟ್ಟಿಸಿ ಅದರ ಮೇಲೆ ನೀರು ಹರಿಸಿದರು. ಖರ್ಚು ಅವರ ಸ್ವಂತದ್ದು. ಕೆಲಸ 1750ರ ಹೊತ್ತಿಗೆ ಮುಗಿಯಿತು. ಕಾಲುವೆ ಕೆಟ್ಟರೆ ರಿಪೇರಿಗೆ ಹಣ ಬೇಕಲ್ಲ? ಅದಕ್ಕೆಂದೇ ಅವರು ಆಸ್ತಿಯನ್ನು ವಕ್ಫ್ ಮಾಡಿಟ್ಟರು. ಆ ನೀರು ಕುಡಿದವರಲ್ಲಿ ಕ್ರೈಸ್ತರೇ ಹೆಚ್ಚು. ಇಪ್ಪತ್ತನೇ ಶತಮಾನದ 30ರ ದಶಕದವರೆಗೂ ಈ ನೀರು ಊರಿಗೆ ಹರಿಯುತ್ತಿತ್ತು. ವಕ್ಫ್ ಎಂದರೆ ಏನು ಎಂದು ಮಕ್ಕಳಿಗೆ ತಿಳಿಸಲು ಈ ಕಮಾನುಗಳ ಒಂದು ಚಿತ್ರ ತೋರಿಸಿದರೆ ಸಾಕು.

ಊರೊಳಗೆ ನಮ್ಮವರ ಹೆಸರೊಂದು ನಿಮಗೆ ಎದುರಾಗುತ್ತದೆ. ಒಂದು ಮುಖ್ಯ ರಸ್ತೆಗೆ ಜನರಲ್ ತಿಮ್ಮಯ್ಯ ಅವರ ಹೆಸರಿದೆ. ಹೌದು, ಕೊಡಗಿನ ತಿಮ್ಮಯ್ಯನವರೇ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ಗೆ ಹೋದ ಅವರು 1965ರ ಡಿಸೆಂಬರಿನಲ್ಲಿ ಅಲ್ಲಿಯೇ ನಿಧನರಾದರು. ಗ್ರೀಕರ ಬಾಯಲ್ಲಿ ಆ ಹೆಸರು ತಿಮಾಯಾ ಆಗಿದೆ.

ಸಮುದ್ರದ ದಂಡೆಗೆ ಫಿನಿಕೂದೆಸ್ ಎಂದು ಹೆಸರು, ಚಿಕ್ಕ ಖರ್ಜೂರದ ಮರಗಳು ಎಂದು ಅರ್ಥ. ಮರಗಳು ಈಗ ಚಿಕ್ಕವಲ್ಲ. ನೆಟ್ಟು ನೂರು ವರ್ಷವಾಯಿತು. ಬೇಸಿಗೆಯ ಹಗಲಲ್ಲಿ ಅರೆಬೆತ್ತಲೆ ಪ್ರವಾಸಿಗರಿಂದ ದಂಡೆ ತುಂಬಿರುತ್ತದೆ. ಆದ್ದರಿಂದ ಫಜ್ರ್ ನಮಾಝಿನ ನಂತರ ನಡೆಯುವುದು ಲೇಸು. ದಂಡೆಯ ತುದಿಯಲ್ಲಿ ಹಳೆಯ ಕೋಟೆ. ಬ್ರಿಟಿಷರು ಅದನ್ನು ಸೆರೆಮನೆ ಮಾಡಿಕೊಂಡಿದ್ದರು, ಈಗ ವಸ್ತುಸಂಗ್ರಹಾಲಯ. ಅದರೆದುರಿಗೆ ಜಾಮಿ ಕಬೀರ್, ಊರಿನ ದೊಡ್ಡ ಮಸೀದಿ. ಅಲ್ಲಿ ಇಂದು ಸಫ್‌ನಲ್ಲಿ ನಿಲ್ಲುವವರಲ್ಲಿ ದುಡಿಯಲು, ಕಲಿಯಲು ಬಂದ ಅರಬರು, ಬಾಂಗ್ಲಾದೇಶ ಮತ್ತು ಪಾಕಿಸ್ತಾನದವರು, ಆಫ್ರಿಕದವರೇ ಹೆಚ್ಚು. ಸಂತ ಲಾಝರಸ್ ಇಗರ್ಜಿ ಕೂಗಳತೆಯ ದೂರದಲ್ಲಿದೆ, ಸಾವಿರದ ನೂರು ವರ್ಷ ಹಳೆಯದು. ಈಸಾ(ಅ) ಅಲ್ಲಾಹನ ಅನುಮತಿಯಿಂದ ಮೃತರನ್ನು ಬದುಕಿಸುತ್ತಿದ್ದರೆಂದು ನಾವು ನಂಬುತ್ತೇವಲ್ಲ. ಹಾಗೆ ಮತ್ತೆ ಬದುಕಿದ ಲಾಝರಸ್ ಕೊನೆಗಾಲ ಕಳೆದದ್ದು ಇಲ್ಲೆಂದು ಕ್ರೈಸ್ತರ ಪರಂಪರೆ. ದಂಡೆಯಿಂದ ಕಾಣದ ಒಂದು ನೋಟ ಕಡಲಾಳದಲ್ಲಿದೆ. 1980ರ ಜೂನ್‌ನಲ್ಲಿ ಝೆನೋಬಿಯಾ ಎಂಬ ಹೊಚ್ಚ ಹೊಸ ಹಡಗು ನೂರಕ್ಕೂ ಹೆಚ್ಚು ಲಾರಿಗಳೊಂದಿಗೆ ಮೊದಲ ಯಾನದಲ್ಲೇ ಮುಳುಗಿತು. ಒಬ್ಬರ ಪ್ರಾಣವೂ ಹೋಗಲಿಲ್ಲ. ಮುಳುಗುಗಾರರಿಗೆ ಅದು ಈಗ ಪ್ರವಾಸಿ ತಾಣ.

ಕಸೂತಿ ಪ್ರಿಯರಾಗಿದ್ದರೆ ಒಂದು ದಿನ ಗುಡ್ಡದ ಮೇಲಿನ ಲೆಫ್ಕಾರಾ ಹಳ್ಳಿಗೆ ಮೀಸಲಿಡಿ. ಹೆಂಗಸರು ಮನೆ ಬಾಗಿಲಲ್ಲಿ ಕುಳಿತು ಬಿಳಿ ಬಟ್ಟೆಯ ಎಳೆಗಳನ್ನು ಎಣಿಸಿ, ಕತ್ತರಿಸಿ, ಸೂಜಿಯಿಂದ ಜಾಲರಿ ನೇಯುತ್ತಾರೆ. 2009ರಲ್ಲಿ ಯುನೆಸ್ಕೊ ಈ ಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಅಂಗಡಿಗಳಲ್ಲಿ ಯಂತ್ರದ ಮಾಲೂ ಬೆರೆತಿರುತ್ತದೆ; ಬಟ್ಟೆಯ ಹಿಂಭಾಗ ತಿರುಗಿಸಿ ನೋಡಿದರೆ ಹೊಲಿಗೆ ಬಲ್ಲ ನಿಮಗೆ ಕೂಡಲೇ ಗೊತ್ತಾದೀತು. ಊಟಕ್ಕೆ ಬಂದರೆ, ಹಂದಿ ಮಾಂಸ ಅಲ್ಲಿ ಸಾಮಾನ್ಯ, ಕೇಳಿಯೇ ತಿನ್ನಿ. ಕುರಿ, ಆಡಿನ ಹಾಲಿನಿಂದ ಮಾಡುವ ಗಟ್ಟಿ ಚೀಸ್ ಊರಿನ ಹೆಮ್ಮೆ. ಕಾವಲಿಯ ಮೇಲೆ ಸುಟ್ಟರೂ ಕರಗುವುದಿಲ್ಲ. ಹಾಲು ಒಡೆಯಲು ಏನು ಬಳಸಿದ್ದಾರೆಂದು ಪೊಟ್ಟಣದಲ್ಲಿ ಓದಿಕೊಳ್ಳಿ. ಗ್ರೀಕರು ಅದನ್ನು ಹಲ್ಲೂಮಿ ಎನ್ನುತ್ತಾರೆ, ತುರ್ಕರು ಹೆಲ್ಲಿಮ್. 2021ರಲ್ಲಿ ಐರೋಪ್ಯ ಒಕ್ಕೂಟ ಎರಡೂ ಹೆಸರನ್ನು ಒಟ್ಟಿಗೇ ನೋಂದಾಯಿಸಿತು.

ಕರಾವಳಿಯುದ್ದಕ್ಕೂ ಪೂರ್ವಕ್ಕೆ ಹೊರಟರೆ ಪೀಲಾ ಸಿಗುತ್ತದೆ. ವಿಶ್ವಸಂಸ್ಥೆ ಕಾಯುವ ನಡುಪಟ್ಟಿಯೊಳಗಿನ ಈ ಊರಲ್ಲಿ ಗ್ರೀಕರೂ ತುರ್ಕರೂ ಇಂದಿಗೂ ಒಟ್ಟಿಗೆ ಬದುಕುತ್ತಾರೆ. ಇಗರ್ಜಿಯೂ ಇದೆ, ಮಸೀದಿಯೂ ಇದೆ, ಎರಡು ಸಮುದಾಯಕ್ಕೆ ಇಬ್ಬರು ಮುಖ್ತಾರರು. ಎಲ್ಲವೂ ಸುಸೂತ್ರ ಎಂದಲ್ಲ. 2023ರ ಆಗಸ್ಟ್‌ನಲ್ಲಿ ರಸ್ತೆ ನಿರ್ಮಾಣದ ವಿಚಾರದಲ್ಲಿ ತುರ್ಕಿ ಕಡೆಯವರು ಶಾಂತಿಪಡೆಯ ಸೈನಿಕರ ಮೇಲೆಯೇ ಕೈ ಮಾಡಿದ್ದರು. ಇನ್ನೂ ಮುಂದೆ, ಅಯಿಯಾ ನಾಪಾದ ಗದ್ದಲ ದಾಟಿದರೆ ಗ್ರೇಕೋ ಭೂಶಿರದ ಬಿಳಿ ಬಂಡೆಗಳು, ಅಲೆ ಕೊರೆದ ಗುಹೆಗಳು, ತಳ ಕಾಣುವ ನೀಲಿ ನೀರು. ಇಡೀ ಕರಾವಳಿಯಲ್ಲಿ ಇಷ್ಟು ಚೆಂದದ ಜಾಗ ಬೇರೊಂದಿಲ್ಲ ಎನ್ನಬಹುದು.

ಅಲ್ಲಿಂದ ಉತ್ತರಕ್ಕೆ ತಿರುಗಿ ದೆರಿನಿಯಾ ಎಂಬ ಊರಿಗೆ ಬನ್ನಿ. ಮಹಡಿಯ ಮೇಲೆ ದೂರದರ್ಶಕ ಇಟ್ಟು ತೋರಿಸುವವರಿದ್ದಾರೆ. ಕಾಣುವುದು ವರೋಶಾ: 1974ರ ಆಗಸ್ಟ್‌ನಲ್ಲಿ ಜನ ಬಿಟ್ಟೋಡಿದ ಕಡಲತೀರದ ಬಡಾವಣೆ. ಸಾಲು ಸಾಲು ಹೋಟೇಲುಗಳು, ಬಾಗಿಲಿಲ್ಲದ ಮನೆಗಳು, ಕಿಟಕಿಯಿಂದ ಹೊರಚಾಚಿದ ಗಿಡಗಳು. ತುರ್ಕಿ ಸೇನೆ ಬೇಲಿ ಹಾಕಿ ಮುಚ್ಚಿದ್ದ ಆ ಬೀದಿಗಳ ಒಂದು ಭಾಗವನ್ನು 2020ರ ಅಕ್ಟೋಬರಿನಲ್ಲಿ ತೆರೆಯಲಾಯಿತು. ಭದ್ರತಾ ಮಂಡಳಿ ಅದನ್ನು ಆಕ್ಷೇಪಿಸಿತು. ದೆರಿನಿಯಾದಲ್ಲಿ 2018ರಿಂದ ಗಡಿ ದಾಟುವ ಬಾಗಿಲಿದೆ, ಆದರೆ ಭಾರತದ ಪಾಸ್‌ಪೋರ್ಟ್ ಇರುವವರು ಎರಡೂ ಕಡೆಯ ನಿಯಮ ವಿಚಾರಿಸಿಕೊಂಡೇ ಹೆಜ್ಜೆ ಇಡಬೇಕು. ತೆರೆದ ಬೀದಿಯಲ್ಲಿ ನಡೆಯಬಹುದು, ಮನೆಗಳ ಒಳಗೆ ಹೋಗುವಂತಿಲ್ಲ. ಅವುಗಳಲ್ಲಿ ಬದುಕಿದ್ದ ಹೆಂಗಸರಲ್ಲಿ ಎಷ್ಟೋ ಮಂದಿ ಈಗ ಲಾರ್ನಕಾದಂತಹ ಊರುಗಳಲ್ಲಿ ಅಜ್ಜಿಯರಾಗಿದ್ದಾರೆ.