ನೆಟ್ ಮನೆಗೆ ಬಂದವರು

ಕೊಟ್ಟೂರಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ನಡುಮಧ್ಯಾಹ್ನ ಹಿತ್ತಲಲ್ಲಿ ಒಂದು ಕೋಲು ನೆಟ್ಟರೆ ಅದಕ್ಕೆ ನೆರಳೇ ಇರುವುದಿಲ್ಲ. ಸೂರ್ಯ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕೆ, ಕೋಲಿನ ನೆರಳು ದಕ್ಷಿಣಕ್ಕೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೂ ಒಂದೆರಡು ದಿನ ಹಿಂದುಮುಂದಾಗಿ ಇದೇ ಲೆಕ್ಕ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರದ ಪಾಲಾಯಿತು. ಜಿಲ್ಲೆ ಎಷ್ಟು ಸಲ ಬದಲಾದರೂ ಬಿಸಿಲು ಮಾತ್ರ ಬದಲಾಗಲಿಲ್ಲ.

ಹಸಿರುಮನೆಯ ಪುಸ್ತಕಗಳು ಹೆಚ್ಚಾಗಿ ಚಳಿ ಸೀಮೆಯವರು ಬರೆದವು. ದಕ್ಷಿಣದ ಬಿಸಿಲನ್ನು ಒಳಗೆ ಹಿಡಿದಿಡುವುದು ಹೇಗೆ ಎಂಬಲ್ಲಿಂದಲೇ ಅವು ಶುರುವಾಗುತ್ತವೆ. ಲಾಲ್‌ಬಾಗಿನ ಗಾಜಿನ ಮನೆ ಕೂಡ ಅದೇ ವಂಶದ್ದು: 1889ರಲ್ಲಿ ಅಡಿಗಲ್ಲು, ಕಬ್ಬಿಣವೆಲ್ಲ ಗ್ಲಾಸ್ಗೋದ ಎರಕದ ಕಾರ್ಖಾನೆಯದು, ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಬೆಂಗಳೂರಿನ ತಂಪಿನಲ್ಲಿ ಅದು ಫಲಪುಷ್ಪ ಪ್ರದರ್ಶನಕ್ಕೆ ಒದಗಿತು. ನಮ್ಮ ಕಡೆಯವರು ದಾವಣಗೆರೆಗೆ ಹೋದಾಗ ಕುಂದವಾಡ ಕೆರೆಯ ಹತ್ತಿರದ ಗಾಜಿನ ಮನೆ ನೋಡಿ, ಫೋಟೊ ತೆಗೆಸಿಕೊಂಡು ಬರುತ್ತಾರೆ. ಆದರೆ ಹಿತ್ತಲಲ್ಲಿ ಗಾಜನ್ನೋ ಪಾಲಿಥಿನ್ನನ್ನೋ ಹೊದಿಸಿ ಬಾಗಿಲು ಮುಚ್ಚಿದರೆ, ಹೊರಗೆ ನಲವತ್ತು ಡಿಗ್ರಿ ಇರುವ ದಿನ ಒಳಗೆ ಐವತ್ತು ದಾಟುತ್ತದೆ. ಟೊಮ್ಯಾಟೊ ಗಿಡ ಹಗಲು 35 ದಾಟಿದರೇ ಹೂ ಉದುರಿಸಲು ಶುರು ಮಾಡುತ್ತದೆ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಿಂದ ಒಣಬೇಸಾಯದ ತಾಲ್ಲೂಕುಗಳಲ್ಲಿ ಕೃಷಿ ಹೊಂಡದ ಜೊತೆಗೆ ಪಾಲಿಹೌಸ್ ಎಂಬ ಮಾತೂ ಮನೆಮಾತಾಯಿತು. ಹಿತ್ತಲಿಗೆ ಮಾತ್ರ ನಾನು ಹೇಳುವುದು ನೆಟ್ ಮನೆಯನ್ನೇ. ಮೇಲೆ ನೆರಳು, ಪಕ್ಕಗಳಲ್ಲಿ ಗಾಳಿ, ಒಳಗೆ ನಿಂತು ಓಡಾಡುವಷ್ಟು ಎತ್ತರ ಇದ್ದರೆ ಸಾಕು.

ನಮ್ಮದು ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದ, ನಡುವೆ ಒಂಬತ್ತು ಅಡಿ ಎತ್ತರ. ಎತ್ತರದಲ್ಲಿ ಜಿಪುಣತನ ಮಾಡಬಾರದು. ಕಾದ ಗಾಳಿ ಮೇಲೇರಿ ನಿಲ್ಲಲು ಜಾಗ ಬೇಕು, ಇಲ್ಲದಿದ್ದರೆ ಅದು ಗಿಡದ ತಲೆಯ ಮೇಲೆಯೇ ಕೂರುತ್ತದೆ. ಜಿ.ಐ. ಪೈಪು ಹೂಳಲು ಬಂದ ಗೌಂಡಿ ಗುಂಡಿ ನೋಡಿ, “ಒಂದಡಿ ಎಲ್ಲಿ ಸಾಲ್ತತಿ ಸಾರ್, ಆಷಾಢದ ಗಾಳಿ ನೋಡೀರೋ ಇಲ್ಲೋ” ಎಂದು ತಾನೇ ಎರಡಡಿ ತೋಡಿ ಕಾಂಕ್ರೀಟು ಹಾಕಿದ. ಹಡಗಲಿ, ಹರಪನಹಳ್ಳಿ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆ ಗಾಳಿ ಪಡುವಣದಿಂದ ಬರುತ್ತದೆ. ಅದಕ್ಕೇ ಮನೆಯ ಕಿರಿದಾದ ಮುಖವನ್ನು ಪಶ್ಚಿಮಕ್ಕೆ ಕೊಟ್ಟು ಬಾಗಿಲನ್ನು ಪೂರ್ವಕ್ಕೆ ಇಟ್ಟೆವು. ಸೂರ್ಯನನ್ನು ನೋಡಿ ದಿಕ್ಕು ಹಿಡಿಯುವುದು ಶಾಸ್ತ್ರ. ನಮ್ಮಲ್ಲಿ ಗಾಳಿಯನ್ನು ನೋಡಿ ಹಿಡಿಯುವುದು ವಾಸಿ.

ಚಾವಣಿಗೆ ಅರ್ಧ ಬಿಸಿಲು ತಡೆಯುವ ಐವತ್ತರ ನೆಟ್. ಅಂಗಡಿಯವರು ಎಪ್ಪತ್ತೈದರದ್ದನ್ನೇ ಮುಂದೆ ಹಿಡಿಯುತ್ತಾರೆ. ಅದು ದನದ ಕೊಟ್ಟಿಗೆಗೆ ಸರಿ, ಅದರ ಕೆಳಗೆ ಮೆಣಸಿನ ಸಸಿ ಬೆಳಕು ಹುಡುಕುತ್ತ ಸೊರಗಿ ಉದ್ದವಾಗುತ್ತದೆ. ಪಕ್ಕಗಳಿಗೆ ಇಂಚಿಗೆ ನಲವತ್ತು ಕಣ್ಣಿನ ಬಿಳಿ ಕೀಟಬಲೆ. ನೆಲಕ್ಕೆ ಜಲ್ಲಿ, ನಡುವೆ ಎರಡಡಿ ದಾರಿ. ಇದನ್ನೆಲ್ಲ ನೋಡಿದ ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲಿನಿಂದಲೇ ಕೇಳಿದಳು: “ಬಿಸಲಿಗೆ ಅಂಜಿ ಮನಷ್ಯಾರು ಒಳಗ ಕುಂದರತಾರ. ಈಗ ಬದನಿಗಿಡಾನೂ ಕುಂದರಸ್ತೀಯೇನಪಾ?”

ಕುಂದರಿಸಬಾರದ ಗಿಡಗಳೂ ಇವೆ. ಹಡಗಲಿ ಮಲ್ಲಿಗೆ ಅವುಗಳಲ್ಲಿ ಮೊದಲನೆಯದು. ಭೌಗೋಳಿಕ ಸೂಚಿ ಪಡೆದ ಈ ಮಲ್ಲಿಗೆಗೆ ಬೇಸಿಗೆಯ ಬೆಂಕಿಯೇ ಬೇಕು. ನೆರಳಿಗೆ ತಂದರೆ ಬಳ್ಳಿ ದಟ್ಟವಾಗಿ ಎಲೆ ಬಿಡುತ್ತದೆ, ಮೊಗ್ಗು ಮಾತ್ರ ಕಡಿಮೆ. ಅದು ಹೊರಗಿನ ಬೇಲಿಯಲ್ಲೇ ಇದೆ.

ಮೈಲಾರದ ಕಾರಣಿಕ, ಕೊಟ್ಟೂರೇಶ್ವರನ ತೇರು ಮುಗಿದ ಮೇಲೆ ಬಿಸಿಲು ಬಲಿಯುತ್ತದೆ. ಆಗ ಪಶ್ಚಿಮದ ಬದಿಗೆ ಗೋಣಿಚೀಲ ಇಳಿಬಿಟ್ಟು ದಿನಕ್ಕೆ ಎರಡು ಸಲ ನೀರು ಎರಚುತ್ತೇವೆ. ಹರವಿಯ ನೀರು ತಂಪಾಗುವ ಲೆಕ್ಕವೇ ಇಲ್ಲೂ ನಡೆಯುತ್ತದೆ, ಒಣಗಾಳಿ ತೇವವನ್ನು ಹೀರುವಾಗ ಬಿಸಿಯನ್ನೂ ಒಯ್ಯುತ್ತದೆ. ಏಪ್ರಿಲಿನಲ್ಲಿ ಇದರಿಂದ ಒಳಗಿನ ಕಾವು ಕೈಗೆ ಗೊತ್ತಾಗುವಷ್ಟು ಇಳಿಯುತ್ತದೆ. ಮೋಡ ಕವಿದ ಜುಲೈನಲ್ಲಿ ಗಾಳಿಯೇ ಹಸಿಯಾಗಿರುವುದರಿಂದ ಎಷ್ಟು ಎರಚಿದರೂ ಗೋಣಿ ಮುಗ್ಗಲು ಹಿಡಿಯುವುದೇ ಲಾಭ.

ಈ ನೀರು ಸುದ್ದಿ ಹಬ್ಬಿಸುತ್ತದೆ. ಮೊದಲು ಬರುವುದು ಕಡಜ. ಗೋಣಿಯ ಅಂಚಿನಿಂದ ತೊಟ್ಟಿಕ್ಕಿದ ಜಾಗದಲ್ಲಿ ಕೆಂಪು ಮಣ್ಣು ಹದವಾಗಿರುತ್ತದೆ. ಕುಂಬಾರ ಕಡಜ ಅಲ್ಲಿ ಮುಖ ಊರಿ ಜೋಳದ ಕಾಳಿಗಿಂತ ಸಣ್ಣ ಉಂಡೆ ಮಾಡಿಕೊಂಡು ಹಾರಿ, ಪೈಪು ಸೇರುವ ಮೂಲೆಯಲ್ಲಿ ಗಡಿಗೆ ಕಟ್ಟುತ್ತದೆ. ಗಡಿಗೆಗೆ ಕಂಠವೂ ಇರುತ್ತದೆ. ಒಳಗೆ ಮೊಟ್ಟೆ ಇಟ್ಟು, ಚುಚ್ಚಿ ನಿಶ್ಚೇಷ್ಟಗೊಳಿಸಿದ ಹಸಿರು ಹುಳುಗಳನ್ನು ಮರಿಯ ಬುತ್ತಿಯಾಗಿ ತುಂಬಿ ಬಾಯಿ ಮುಚ್ಚುತ್ತದೆ. ಆ ಹುಳುಗಳಲ್ಲಿ ನಮ್ಮ ಟೊಮ್ಯಾಟೊ ಎಲೆ ತಿಂದು ಬೆಳೆದವೂ ಇರುತ್ತವೆ. ಆದ್ದರಿಂದ ಪೈಪು ಒರೆಸುವಾಗ ಗಡಿಗೆಗಳನ್ನು ಕೆಡವುವುದಿಲ್ಲ. ಕಡಜದ ಹಿಂದೆ ಓತಿಕ್ಯಾತ, ಜಲ್ಲಿಯ ಕೆಳಗೆ ಕಪ್ಪೆ, ಇಟ್ಟಿಗೆ ಎತ್ತಿದರೆ ಚೇಳು. ಬೇಸಿಗೆಯಲ್ಲಿ ಜಲ್ಲಿಗೆ ಬರಿಗೈ ಹಾಕದಿರುವುದು ಒಳ್ಳೆಯದು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿದೆ. ನೀರು ನಿಂತ ಕೆರೆ, ಅದರೊಳಗೆ ಜಾಲಿಮರಗಳು, ಅವುಗಳ ಮೇಲೆ ಬಣ್ಣದ ಕೊಕ್ಕರೆಗಳ, ನೀರುಕಾಗೆಗಳ ಸಂಸಾರ. 98.76 ಹೆಕ್ಟೇರಿನ ಆ ಜಾಗಕ್ಕೆ 2024ರಲ್ಲಿ ರಾಮ್ಸಾರ್ ತಾಣದ ಮನ್ನಣೆ ಸಿಕ್ಕಿತು. ಸುತ್ತಲೂ ಒಣಗಿದ ಸೀಮೆಯಲ್ಲಿ ಒಂದು ಹಸಿ ಜಾಗ ಇದ್ದರೆ ಜೀವ ಅಲ್ಲಿಗೆ ಹರಿದು ಬರುತ್ತದೆ. ಹಿತ್ತಲಿನದು ಇನ್ನೂರು ಚದರಡಿ, ಅಷ್ಟೇ ವ್ಯತ್ಯಾಸ.

ಈಗ ನನಗೆ ಬಹಳ ಇಷ್ಟವಾದ ಅತಿಥಿಯ ವಿಷಯ. ಟೊಮ್ಯಾಟೊ ಹೂ ತಲೆ ತಗ್ಗಿಸಿ ತೂಗುತ್ತದೆ. ಅದರ ಕೇಸರಗಳು ಒಂದಕ್ಕೊಂದು ಅಂಟಿ ಹಳದಿ ಕೊಳವೆಯಾಗಿರುತ್ತವೆ. ಪರಾಗದ ಪುಡಿ ಒಳಗಿರುತ್ತದೆ, ಅಲುಗಾಡಿಸದೆ ತುದಿಯಿಂದ ಹೊರಗೆ ಬೀಳುವುದಿಲ್ಲ. ಬಯಲಿನಲ್ಲಿ ಗಾಳಿಯೇ ಈ ಕೆಲಸ ಮಾಡುತ್ತದೆ. ನಲವತ್ತು ಕಣ್ಣಿನ ಬಲೆಯೊಳಗೆ ಗಾಳಿಯ ಬಲ ಕುಂದುತ್ತದೆ, ಹೂ ಸಾಕಷ್ಟಿದ್ದರೂ ಕಾಯಿ ಕಚ್ಚುವುದು ಕಡಿಮೆ. ಜೇನುನೊಣ ಬಂದರೂ ಪ್ರಯೋಜನ ಅಷ್ಟಕ್ಕಷ್ಟೆ. ಈ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಉದುರಿಸುವ ವಿದ್ಯೆ ಜೇನಿಗೆ ಗೊತ್ತಿಲ್ಲ. ಯುರೋಪಿನ ಗಾಜಿನ ಮನೆಗಳಲ್ಲಿ 1980ರ ದಶಕದ ಕೊನೆಯವರೆಗೆ ಆಳುಗಳು ಕಂಪಿಸುವ ಕಡ್ಡಿ ಹಿಡಿದು ಹೂ ಹೂವಿಗೂ ಮುಟ್ಟಿಸಿ ಬರುತ್ತಿದ್ದರು. ಆಮೇಲೆ ಬಂಬಲ್‌ಬೀ ಎಂಬ ದಪ್ಪ ದುಂಬಿಯನ್ನು ಸಾಕಿ, ಪೆಟ್ಟಿಗೆಯಲ್ಲಿಟ್ಟು ಮಾರುವ ಉದ್ಯಮವೇ ಬೆಳೆಯಿತು. ಬಂಬಲ್‌ಬೀ ತಂಪು ಮಲೆಗಳ ಜೀವ, ನಮ್ಮ ಬಯಲಿನಲ್ಲಿ ಇಲ್ಲ.

ನಮ್ಮಲ್ಲಿರುವುದು ನೀಲಿಪಟ್ಟೆ ಜೇನು. ಬೆಳಿಗ್ಗೆ ಎಂಟರ ನಂತರ ಪೂರ್ವದ ಬದಿಯ ಬಲೆಯನ್ನು ಮೊಳದಷ್ಟು ಮೇಲೆ ಸುತ್ತಿ ಕ್ಲಿಪ್ ಹಾಕಿ ಕೂತರೆ ಅದು ಬರುವುದು ಮೊದಲು ಕಿವಿಗೆ ಗೊತ್ತಾಗುತ್ತದೆ. ಹೊಟ್ಟೆಯ ಮೇಲೆ ಮಿರುಗುವ ತಿಳಿನೀಲಿ ಪಟ್ಟಿ, ಎದೆಯ ಮೇಲೆ ಕಂದು ರೋಮ. ಹೂವಿನ ಮುಂದೆ ಗಾಳಿಯಲ್ಲಿ ಒಂದು ಕ್ಷಣ ನಿಂತು, ಸಟ್ಟನೆ ಕೊಳವೆಗೆ ತೆಕ್ಕೆಬಿದ್ದು ಮೈ ಬಾಗಿಸಿ ಹಿಡಿದುಕೊಳ್ಳುತ್ತದೆ. ರೆಕ್ಕೆ ಬೀಸುವುದು ನಿಲ್ಲುತ್ತದೆ, ಸದ್ದು ನಿಲ್ಲುವುದಿಲ್ಲ, ಬದಲಿಗೆ ಹಾರುವಾಗಿನ ಗುಂಯ್‌ಗಿಂತ ಮೇಲಿನ ಶ್ರುತಿಗೆ ಏರುತ್ತದೆ. ರೆಕ್ಕೆಯ ಸ್ನಾಯುಗಳನ್ನೇ ಅದುರಿಸಿ ಇಡೀ ಹೂವನ್ನು ನಡುಗಿಸುತ್ತಿರುತ್ತದೆ. ಬೆಳಕಿಗೆ ಅಡ್ಡವಾಗಿ ನೋಡಿದರೆ ಕೊಳವೆಯ ತುದಿಯಿಂದ ಪುಡಿ ಹೊಗೆಯಂತೆ ಅದರ ಹೊಟ್ಟೆಯ ಮೇಲೆ ಬೀಳುವುದು ಕಾಣುತ್ತದೆ. ಎರಡು ಮೂರು ಸೆಕೆಂಡು, ಮುಂದಿನ ಹೂ. ಅದರ ಆಸ್ಟ್ರೇಲಿಯಾದ ಸೋದರ ಜಾತಿಯೊಂದು ಸೆಕೆಂಡಿಗೆ ಸುಮಾರು 350 ಸಲ ಹೂವಿಗೆ ತಲೆ ಗುದ್ದುತ್ತದೆಂದು ಅಲ್ಲಿನ ವಿಜ್ಞಾನಿಗಳು ಅಳೆದಿದ್ದಾರೆ. ಜೇನು ಹೋದ ಮೇಲೆ ಹಳದಿ ಕೊಳವೆಯ ಮೇಲೆ ಕಂದು ಬಣ್ಣದ ಗಾಯ ಉಳಿಯುತ್ತದೆ, ಅದು ಬಿಗಿಯಾಗಿ ಹಿಡಿದ ಗುರುತು. ಯಾವ ಹೂವಿಗೆ ಜೇನು ಬಂದಿತ್ತು, ಯಾವುದಕ್ಕಿಲ್ಲ ಎಂದು ಸಂಜೆ ಈ ಗಾಯ ನೋಡಿಯೇ ಹೇಳಬಹುದು.

ಈ ಜೇನಿಗೆ ಗೂಡಿನ ಸಂಸಾರವಿಲ್ಲ. ಒಂದೊಂದು ಹೆಣ್ಣೂ ತನ್ನ ಪಾಡಿಗೆ ಮಣ್ಣಿನಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ನಮ್ಮ ಓಣಿಯ ಹಳೆಯ ಮಾಳಿಗೆ ಮನೆಗಳ ಮಣ್ಣಿನ ಗೋಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅಂಥ ಗೋಡೆಗಳು ಒಂದೊಂದಾಗಿ ಉರುಳಿ ಸಿಮೆಂಟಿನವು ಏಳುತ್ತಿವೆ. ಅದಕ್ಕೆ ನೆಟ್ ಮನೆಯ ಪಕ್ಕದಲ್ಲಿ, ಮಳೆ ತಾಗದ ಹಾಗೆ ತಗಡು ಇಳಿಸಿ, ಸೊಂಟದೆತ್ತರದ ಒಂದು ಮೋಟು ಮಣ್ಣಿನ ಗೋಡೆಯನ್ನು ಹಾಗೇ ಬಿಟ್ಟಿದ್ದೇವೆ. ಬಾಗಿಲ ಬಳಿ ತುಳಸಿ, ಕಾಮಕಸ್ತೂರಿ ಇವೆ. ಮಕರಂದಕ್ಕೆ ಜೇನು ಅಲ್ಲಿಗೇ ಬರುವುದು. ಸಂಜೆ ಗಂಡುಗಳು ತುಳಸಿಯ ಒಣಕಡ್ಡಿಯನ್ನು ದವಡೆಯಿಂದ ಕಚ್ಚಿ, ಕಾಲು ಮಡಚಿ, ಸಾಲಾಗಿ ನಿದ್ದೆ ಹೋಗುತ್ತವೆ.

ಬಲೆ ಎತ್ತಿದರೆ ಜೇನಿನ ಹಿಂದೆಯೇ ಬಿಳಿನೊಣವೂ ಬರುತ್ತದೆ, ಅದರೊಂದಿಗೆ ಎಲೆ ಮುದುಡು ರೋಗ. ನೆಟ್ ಮನೆಯ ನಿಜವಾದ ತೊಡಕು ಇದೇ ಎಂದು ನನಗನಿಸುತ್ತದೆ. ಪೂರ್ತಿ ಮುಚ್ಚಿದರೆ ರೋಗ ಕಡಿಮೆ, ಕಾಯಿಯೂ ಕಡಿಮೆ. ನಾವು ಸಸಿಗಳನ್ನು ಮೊದಲ ತಿಂಗಳು ಬಿಗಿಯಾಗಿ ಮುಚ್ಚಿ ಬೆಳೆಸುತ್ತೇವೆ, ಎಳೆಯದರಲ್ಲಿ ರೋಗ ತಾಗಿದರೆ ಗಿಡ ಏಳುವುದಿಲ್ಲ. ಹೂ ಬಂದ ಮೇಲೆ ಬೆಳಗಿನ ಎರಡು ಮೂರು ತಾಸು ಬಲೆ ಎತ್ತುತ್ತೇವೆ. ಹಳದಿ ಅಂಟುಹಾಳೆಯನ್ನು ಗಿಡದ ತುದಿಯ ಮಟ್ಟಕ್ಕೆ ತೂಗುಬಿಟ್ಟರೆ ಬಿಳಿನೊಣ ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ. ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಬಿಳಿನೊಣದ ಜೊತೆ ಅದರ ಮರಿಯೊಳಗೆ ಮೊಟ್ಟೆ ಇಡುವ, ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣ ಪರತಂತ್ರ ಕಣಜಗಳೂ ಅಂಟಿರುತ್ತವೆ. ಅವು ಹೆಚ್ಚು ಕಂಡರೆ ಹಾಳೆ ತೆಗೆದುಬಿಡುತ್ತೇನೆ. ಎಲೆಯ ಮೇಲೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳಕ್ಕೆ ಮಾತ್ರ ಆ ಎಲೆಯನ್ನೇ ಚಿವುಟಿ ಹಾಕುವುದು ಸುಲಭ.

ನೀರಿನ ಬಗ್ಗೆ ಒಂದು ಮಾತು. ಬೋರಿನ ನೀರು ಗಡಸು. ಹನಿ ನಳಿಕೆಯ ಬಾಯಲ್ಲಿ, ಕುಂಡದ ಅಂಚಿನಲ್ಲಿ, ತುಂತುರು ಬಿದ್ದ ಎಲೆಯ ಮೇಲೆ ಬಿಳಿಯ ಸುಣ್ಣ ಕಟ್ಟುತ್ತದೆ. ನಳಿಕೆಗಳನ್ನು ಹುಳಿನೀರಿನಲ್ಲಿ ನೆನೆಹಾಕಿ ತೊಳೆಯಬೇಕು. ಮಣ್ಣಿನ ಉಪ್ಪಿಗೆ ಮಳೆನೀರೇ ಮದ್ದು. ನೆಟ್ ಚಾವಣಿಯ ದೊಡ್ಡ ಗುಣವೆಂದರೆ ಮಳೆ ಅದರಲ್ಲಿ ಸೋಸಿ ಒಳಗೆ ಬೀಳುತ್ತದೆ. ಪಾಲಿಥಿನ್ ಆಗಿದ್ದರೆ ಒಳಗಿನ ಮಣ್ಣಿಗೆ ವರ್ಷವಿಡೀ ಬೋರಿನ ನೀರೇ ಗತಿ. ಭರಣಿ, ಕೃತಿಕೆಯ ದೊಡ್ಡ ಹನಿಗಳು ನೆಟ್ಟಿಗೆ ಬಡಿದು ಪುಡಿಯಾಗಿ ಇಳಿಯುವುದರಿಂದ ಸಸಿ ಮಲಗುವುದಿಲ್ಲ, ಆಲಿಕಲ್ಲು ಮೇಲೆಯೇ ಉಳಿಯುತ್ತದೆ. ಅದರ ಭಾರಕ್ಕೆ ನೆಟ್ ಜೋಲದ ಹಾಗೆ ಅಡಿಯಲ್ಲಿ ತಂತಿ ಎಳೆದಿರಬೇಕು.

ಮಳೆಗಾಲಕ್ಕೆ ಮುಂಚೆ ಬುಡದ ಅಂಚು ನೋಡುವುದನ್ನು ತಪ್ಪಿಸಬಾರದು. ನೆಲದ ಮೇಲೆ ಸಡಿಲವಾಗಿ ಬಿದ್ದ ಬಲೆ ಹಾವಿಗೆ ಉರುಳಾಗುತ್ತದೆ. ಇಲಿಯ ಬೆನ್ನು ಹತ್ತಿ ಬರುವ ಕೇರೆಹಾವು ಬಲೆ ಹರಿದ ಕಂಡಿಗೆ ತಲೆ ತೂರಿಸಿದರೆ ಹುರುಪೆ ಹಿಂದಕ್ಕೆ ಬಿಡುವುದಿಲ್ಲ, ಒದ್ದಾಡಿದಷ್ಟೂ ದಾರ ಬಿಗಿಯುತ್ತದೆ. ಬಲೆಯ ಅಂಚನ್ನು ಗೇಣುದ್ದ ಮಣ್ಣಿನಲ್ಲಿ ಹೂತು ಬಿಗಿದರೆ ಈ ತಂಟೆಯೇ ಇಲ್ಲ. ಸಿಕ್ಕಿಬಿದ್ದಿದ್ದರೆ ಅದು ಕೇರೆಯೋ ನಾಗರವೋ ಎಂದು ತಾವೇ ತೀರ್ಮಾನಿಸದೆ ಹಾವು ಹಿಡಿಯುವವರನ್ನು ಕರೆಸಬೇಕು.

ಆಷಾಢದಲ್ಲಿ ನೆಟ್ ರಾತ್ರಿಯಿಡೀ ಬಡಿದುಕೊಳ್ಳುತ್ತದೆ. ಸವೆಯುವುದು ಪೈಪಿಗೆ ಉಜ್ಜುವ ಜಾಗದಲ್ಲಿ. ಅಲ್ಲಿ ಹಳೆಯ ಸೈಕಲ್ ಟ್ಯೂಬು ಸೀಳಿ ಸುತ್ತಿದರೆ ಬಾಳಿಕೆ ಹೆಚ್ಚು. ಬಿಸಿಲಿಗೆ ನೆಟ್ ಮೂರ್ನಾಲ್ಕು ಬೇಸಿಗೆಯಲ್ಲಿ ಪೆಡಸಾಗಿ ಎಳೆ ಬಿಡುತ್ತದೆ. ಉದುರಿದ ಹಸಿರು ಎಳೆಗಳನ್ನು ಸೂರಕ್ಕಿ ತನ್ನ ತೂಗುಗೂಡಿಗೆ ಒಯ್ದಿದ್ದನ್ನು ಕಂಡಿದ್ದೇನೆ. ಮರಿಯ ಕಾಲಿಗೆ ಪ್ಲಾಸ್ಟಿಕ್ ಎಳೆ ಸುತ್ತಿಕೊಳ್ಳುವ ಭಯವಿರುವುದರಿಂದ ಈಗ ಉದುರಿದ್ದನ್ನು ಆಗಾಗ ಆಯ್ದು ತೆಗೆಯುತ್ತೇವೆ.

ಚಳಿಗಾಲ ಇಲ್ಲಿ ಹಗುರ. ಮಾರ್ಗಶಿರದ ಇಬ್ಬನಿ ಬಲೆಯಲ್ಲಿ ನಿಂತು ಸೌತೆಗೆ ಬೂಜು ತುಪ್ಪಟ ರೋಗ, ಸಸಿಗೆ ಬುಡಕೊಳೆ ತರುತ್ತದೆ. ಬೆಳಿಗ್ಗೆ ಕೋಲಿನಿಂದ ನೆಟ್ ತಟ್ಟಿ ಹನಿ ಉದುರಿಸಿ, ಬಾಗಿಲು ತೆರೆದಿಟ್ಟು, ನೀರನ್ನು ಸಂಜೆಯ ಬದಲು ಬೆಳಿಗ್ಗೆ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ.

ಈಗಿರುವ ಚಾವಣಿಯ ನೆಟ್ ಮುಂದಿನ ತೇರಿನವರೆಗೆ ಬರಲಾರದು. ಈ ಸಲ ಹಸಿರಿನ ಬದಲು ಬಿಳಿಯದನ್ನು ತರುವ ಯೋಚನೆ ಇದೆ, ಬಿಳಿ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ತಾನು ಕಾಯುವುದು ಕಡಿಮೆ. ಅಳತೆಯಲ್ಲಿ ಉತ್ತರದ ಬದಿಗೆ ಎರಡಡಿ ಹೆಚ್ಚು ಹಿಡಿಯಬೇಕು, ಮೇ ತಿಂಗಳ ಬಿಸಿಲು ಬರುವುದು ಆ ಕಡೆಯಿಂದ. ಅಜ್ಜಿ ಹಳೆಯ ನೆಟ್ ಕೇಳಿದ್ದಾಳೆ, ಸಂಡಿಗೆ ಒಣಗಿಸುವಾಗ ಕಾಗೆಗೆ ಅಡ್ಡ ಕಟ್ಟಲು.