ವಾಸನೆ ಯೂನಿಫಾರಂದಲ್ಲ, ಮೆಷಿನ್ನಿನದು!

ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಜವಾಬ್ದಾರಿ ನನ್ನದು. ನಿವೃತ್ತನಾದ ಮೇಲೆ ವಾಷಿಂಗ್ ಮೆಷಿನ್ ನನ್ನ ಸುಪರ್ದಿಗೆ ಬಂತು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ಆರನೇ ತರಗತಿಯ ಮೊಮ್ಮಗಳು ಮುಖ ಊದಿಸಿಕೊಂಡು ಶಾಲೆಯಿಂದ ಬಂದಳು.

“ತಾತ, ನನ್ನ ಯೂನಿಫಾರಂ ಮುಗ್ಗಲು ವಾಸನೆಯಂತೆ. ಪಕ್ಕ ಕೂರೋಳು ಬೇರೆ ಬೆಂಚಿಗೆ ಹೋದ್ಲು.”

“ಬೆವರಿದ ಬಟ್ಟೆ ಎಲ್ಲೋ ಮುದುರಿ ಇಟ್ಟಿರ್ತೀಯ” ಎಂದು ಅವಳನ್ನೇ ಗದರಿದೆ. ಮರುದಿನದಿಂದ ಸೋಪಿನ ಪುಡಿಯನ್ನು ಒಂದು ಹಿಡಿ ಜಾಸ್ತಿಯೇ ಹಾಕಿದೆ. ವಾಸನೆ ಹೋಗುವ ಬದಲು ಹೆಚ್ಚಾಯಿತು!

ಗುಟ್ಟು ಬಿಡಿಸಿದವಳು ಅವಳೇ. ಒಂದು ಬಾಟಲಿಗೆ ಮಳೆನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು ಹಿಡಿದು, ಎರಡಕ್ಕೂ ಸ್ನಾನದ ಸೋಪನ್ನು ಒಂದೇ ಅಳತೆಯಲ್ಲಿ ತುರಿದು ಹಾಕಿ ಕುಲುಕಿದಳು. ಮಳೆನೀರಿನಲ್ಲಿ ಬಾಟಲಿ ತುಂಬ ನೊರೆ. ಬೋರ್‌ವೆಲ್ ನೀರಿನಲ್ಲಿ ಹಾಲು ಒಡೆದಂತೆ ಬಿಳಿ ಚೂರುಗಳು! ಮಕ್ಕಳೇ, ನೀವೂ ಮಾಡಿ ನೋಡಿ.

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿಗೂ ಆಳದ ಬೋರ್‌ವೆಲ್‌ಗಳು ಇಲ್ಲಿ ಮಾಮೂಲು. ಬಂಡೆಗಳ ನಡುವೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಈ ಲವಣಗಳು ಸೋಪಿನೊಡನೆ ಸೇರಿದಾಗ ಆ ಬಿಳಿ ಚೂರು ಹುಟ್ಟುತ್ತದೆ. ಮೆಷಿನ್ನಿನ ಪುಡಿ ಸೋಪಿನಷ್ಟು ಸೋಲುವುದಿಲ್ಲ ನಿಜ. ಆದರೆ ಅತಿಯಾಗಿ ಹಾಕಿದರೆ ಪೂರ್ತಿ ಜಾಲಿಸಿ ಹೋಗದೆ ಡ್ರಮ್ಮಿನ ಹಿಂದೆ ಅಂಟುತ್ತದೆ. ಬಟ್ಟೆಯ ನೂಲು, ಮೈಯ ಜಿಡ್ಡು ಅದಕ್ಕೆ ಸೇರಿ ಲೋಳೆಯಾಗುತ್ತದೆ. ಕತ್ತಲೆ, ತೇವ, ಊಟ ಮೂರೂ ಸಿಕ್ಕಿದ ಮೇಲೆ ಬ್ಯಾಕ್ಟೀರಿಯಾಗಳಿಗೆ ಹಬ್ಬ! ಬಟ್ಟೆಯ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು 2012ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಅಂದರೆ ನಾನು ಹಾಕಿದ ಹೆಚ್ಚಿನ ಪುಡಿ ಲೋಳೆಯನ್ನೇ ಬೆಳೆಸುತ್ತಿತ್ತು.

ಭಾನುವಾರ ಇಬ್ಬರೂ ಕೆಲಸಕ್ಕಿಳಿದೆವು. ಮೊದಲು ಪ್ಲಗ್ ಕಿತ್ತೆ. ನೂಲು ಹಿಡಿಯುವ ಬಲೆಚೀಲ ಕಪ್ಪು ಲೋಳೆಯಾಗಿತ್ತು, ತೊಳೆದೆವು. ಪುಡಿ ಹಾಕುವ ಟ್ರೇಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆವು. ಮೆಷಿನ್ನಿನ ಪುಸ್ತಕ ಓದಿ, ಅದರಲ್ಲಿ ಹೇಳಿದಷ್ಟೇ ಬಿಸಿಯ ನೀರು ತುಂಬಿಸಿ, ಬಟ್ಟೆ ಹಾಕದೆ, 100 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಸುರಿದು ಅರ್ಧ ಗಂಟೆ ನೆನೆಸಿದೆವು. ಆಮೇಲೆ ಪೂರ್ತಿ ಓಡಿಸಿದಾಗ ಬೂದು ಬಣ್ಣದ ಹಕ್ಕಳೆಗಳು ಹೊರಬಂದವು! ಬರಿನೀರಿನಲ್ಲಿ ಇನ್ನೊಮ್ಮೆ ಓಡಿಸಿದೆವು.

ಒಂದು ಎಚ್ಚರಿಕೆ: ಸಿಟ್ರಿಕ್ ಆಸಿಡ್, ವಿನೆಗರ್‌ಗಳ ಜೊತೆ ಬ್ಲೀಚ್ ಎಂದೂ ಬೆರೆಸಬಾರದು. ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಮಕ್ಕಳು ಈ ಕೆಲಸವನ್ನು ಹಿರಿಯರ ಜೊತೆಗೇ ಮಾಡಬೇಕು.

ಈಗ ಪುಡಿಗೆ ಅಳತೆಯ ಚಮಚವಿದೆ. ಒಗೆದ ಬಟ್ಟೆಯನ್ನು ಕೂಡಲೇ ತೆಗೆದು ಹರವುತ್ತೇವೆ. ಮೆಷಿನ್ನಿನ ಒಳಗು ಒಣಗುವವರೆಗೆ ಮುಚ್ಚಳ ತೆರೆದೇ ಇರುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮಾತ್ರ ಆಗ ಕಣ್ಣಿಟ್ಟಿರಬೇಕು.

ಮರುದಿನ ಮೊಮ್ಮಗಳು ಯೂನಿಫಾರಂ ಮೂಸಿ ನೋಡಿ, “ಏನೂ ವಾಸನೆಯಿಲ್ಲ ತಾತ!” ಎಂದಳು.

“ನಿನ್ನನ್ನ ಗದರಿದ್ದು ನನ್ನ ತಪ್ಪು ಕಣಮ್ಮ” ಎಂದೆ.

ಅವಳು ನಕ್ಕು ಶಾಲೆಗೆ ಓಡಿದಳು. ತಿಂಗಳಿಗೊಂದು ಭಾನುವಾರ ನಮ್ಮ ಮನೆಯಲ್ಲಿ ಈಗ ಮೆಷಿನ್ನಿಗೂ ಅಭ್ಯಂಜನ!